ಎಣ್ಣೆ, ಅನಿಲ, ಬಿಸಿಲು: ನೆಲಕ್ಕೆ ಸಲ್ಲುವ ಪಾಲು

ಬೆಳಗಿನ ವಾರ್ತೆಯ ಹೊತ್ತಿಗೆ ಕಾಫಿಗೆ ನೀರಿಡುವ ಮನೆಗಳಲ್ಲಿ ಈಗ ಹೊಗೆಯ ಕಾಟವಿಲ್ಲ. ತಿರುಪನ್ನು ತಿರುಗಿಸಿ ಕಿಡಿ ಸೋಕಿಸಿದರೆ ನೀಲಿಯ ಉರಿ ಏಳುತ್ತದೆ. ಸಿಲಿಂಡರ್ ಮುಗಿದ ದಿನ ಮಾತ್ರ ನಮಗೆ ಅನಿಲ ಕಂಪನಿಯ ನೆನಪು ಬರುವುದು. ಆ ಕಂಪನಿಗೂ ನಮಗೂ ಇರುವ ಸಂಬಂಧ ಹಣ ಕೊಟ್ಟು ಸರಕು ಪಡೆಯುವುದಷ್ಟೇ ಎಂದು ತಿಳಿದಿರುತ್ತೇವೆ. ಆದರೆ ಲಾಭ ಮಾಡಿದ ದೊಡ್ಡ ಕಂಪನಿಯು ಆ ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕೆಂದು ನಮ್ಮ ದೇಶದ ಕಾನೂನೇ ವಿಧಿಸಿದೆ ಎಂಬುದು ಎಷ್ಟು ಮಂದಿಗೆ ಗೊತ್ತು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ವಾಚಕರು ‘ಇದರಿಂದ ನಮಗೇನು?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಈ ನಾಲ್ಕು ತಾಲ್ಲೂಕುಗಳಲ್ಲಿ ಎಣ್ಣೆಯ ಬಾವಿಯೂ ಇಲ್ಲ, ಎಣ್ಣೆ ಶುದ್ಧಿಮಾಡುವ ಕಾರ್ಖಾನೆಯೂ ಇಲ್ಲ. ಮಧುಗಿರಿಯ ಏಕಶಿಲಾ ಬೆಟ್ಟದ ಸುತ್ತ ಎಷ್ಟು ಆಳ ಕೊರೆದರೂ ಎಣ್ಣೆ ಬಾರದು. ನೀರು ಬಂದರೇ ಪುಣ್ಯ. ಆದರೂ ಈ ವಿಷಯ ನಮ್ಮ ಹೊಲದ ಬದುವಿಗೇ ಬಂದು ನಿಲ್ಲುತ್ತದೆ. ಹೇಗೆಂಬುದನ್ನು ನೋಡೋಣ.

ಮೊದಲು ಕಾನೂನಿನ ಮಾತು. 2013ರ ಕಂಪನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ನಿವ್ವಳ ಆಸ್ತಿ 500 ಕೋಟಿ ರೂಪಾಯಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಶಿಕ್ಷಣ, ಆರೋಗ್ಯ, ಕುಡಿಯುವ ನೀರು ಮೊದಲಾದ ಕೆಲಸಗಳಿಗೆ ವೆಚ್ಚ ಮಾಡತಕ್ಕದ್ದು. ಸರಾಸರಿ ಲಾಭ ನೂರು ಕೋಟಿಯಾದರೆ ಪಾಲು ಎರಡು ಕೋಟಿ. ತನ್ನ ನೌಕರರಿಗೆ ಮಾತ್ರ ಮಾಡಿದ ಅನುಕೂಲ ಇದರಲ್ಲಿ ಸೇರದು. ಯಾವುದೇ ರಾಜಕೀಯ ಪಕ್ಷಕ್ಕೆ ಕೊಟ್ಟ ದೇಣಿಗೆಯೂ ಸೇರದು. ಇನ್ನೊಂದು ಮಾತನ್ನು ಕಾಯಿದೆ ಸೇರಿಸಿದೆ: ಕಂಪನಿ ಎಲ್ಲಿ ಕೆಲಸ ಮಾಡುತ್ತಿದೆಯೋ ಆ ಸುತ್ತಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು.

ನಮ್ಮಂಥ ಊರುಗಳಿಗೆ ತೊಡಕಾಗುವುದು ಇಲ್ಲಿಯೇ. ಕರ್ನಾಟಕದ ಎಣ್ಣೆ ಶುದ್ಧೀಕರಣ ಕೇಂದ್ರ ಇರುವುದು ಮಂಗಳೂರಿನಲ್ಲಿ. 1988ರಲ್ಲಿ ಸ್ಥಾಪನೆಯಾದ ಆ ಕಂಪನಿ 2003ರಲ್ಲಿ ಓ.ಎನ್.ಜಿ.ಸಿ.ಯ ಕೈಗೆ ಬಂದಿತು. ಅದರ ಸಾಮಾಜಿಕ ಹೊಣೆಯ ಹಣದಿಂದ ಮಂಗಳೂರಿನ ಲೇಡಿ ಗೋಷನ್ ಹೆರಿಗೆ ಆಸ್ಪತ್ರೆಗೆ ಹೊಸ ಕಟ್ಟಡ ಎದ್ದಿದೆ. ಒಳ್ಳೆಯ ಕೆಲಸ, ಕಾರ್ಖಾನೆಗಾಗಿ ನೆಲ ಬಿಟ್ಟುಕೊಟ್ಟವರು, ಅದರ ಗಾಳಿ ಕುಡಿಯುವವರು ಆ ಸುತ್ತಿನವರೇ ಅಲ್ಲವೆ? ಆದರೆ ಎಣ್ಣೆಯನ್ನು ಕೊಂಡು ಆ ಲಾಭಕ್ಕೆ ಕಾರಣರಾದ ಕೊರಟಗೆರೆಯ ಟ್ರ್ಯಾಕ್ಟರಿನವನೂ ಶಿರಾದ ಲಾರಿಯವನೂ ಆ ಲೆಕ್ಕದಲ್ಲಿ ಕಾಣುವುದಿಲ್ಲ.

ದೂರದ ಹಳ್ಳಿಗಳಿಗೂ ತಲಪಿದ ಒಂದು ಕೆಲಸವನ್ನು ಮಾತ್ರ ಹೇಳಬೇಕು. ಆರು ಸರ್ಕಾರಿ ತೈಲ ಕಂಪನಿಗಳು ತಮ್ಮ ಈ ಬಾಬಿನ ಹಣದಲ್ಲಿ ಐದನೆಯ ಒಂದು ಪಾಲನ್ನು ಒಂದೆಡೆ ಕೂಡಿಸಿ, ಬಡಕುಟುಂಬಗಳು ಅನಿಲ ಸಂಪರ್ಕಕ್ಕೆ ಕಟ್ಟಬೇಕಾದ ಠೇವಣಿ 1,600 ರೂಪಾಯಿಯನ್ನು ತಾವೇ ತುಂಬುತ್ತಿದ್ದವು. 2016ರ ಮೇ 1ರಂದು ಉಜ್ವಲಾ ಯೋಜನೆ ಆರಂಭವಾದ ಮೇಲೆ ಆ ಭಾರವನ್ನು ಸರ್ಕಾರವೇ ಹೊತ್ತಿತು. ಒಲೆ ಮನೆಗೆ ಬಂದಿತು, ಸರಿ. ಎರಡನೆಯ ಸಿಲಿಂಡರಿಗೆ ದುಡ್ಡು ಎಲ್ಲಿಂದ ಬರಬೇಕು? ಜಾಲಿಯ ಸೌದೆ ಬೇಲಿಯಲ್ಲಿ ಪುಕ್ಕಟೆಯಾಗಿ ಸಿಕ್ಕುವಾಗ, ಅನಿಲದ ಒಲೆ ನೆಂಟರು ಬಂದ ದಿನಕ್ಕೆ ಮೀಸಲಾದರೆ ಗೃಹಿಣಿಯನ್ನು ದೂರುವಂತಿಲ್ಲ.

ಈ ಹೊಣೆಯ ಮಾತು ಎಣ್ಣೆಯ ಕೈಗಾರಿಕೆಗೆ ತಾನಾಗಿ ಬಂದುದಲ್ಲ. ನೈಜೀರಿಯಾದ ನೈಜರ್ ನದಿಯ ಮುಖಜ ಭೂಮಿಯಲ್ಲಿ 1956ರಲ್ಲಿ ಎಣ್ಣೆ ಸಿಕ್ಕಿತು. ಎರಡು ವರ್ಷದಲ್ಲಿ ಹೊರದೇಶಕ್ಕೆ ಸಾಗತೊಡಗಿತು. ಹಣ ರಾಜಧಾನಿಗೂ ಯೂರೋಪಿಗೂ ಹೋಯಿತು; ಸೋರಿದ ಎಣ್ಣೆ ಮಾತ್ರ ಓಗೋನಿ ಜನರ ಗದ್ದೆ, ತೊರೆಗಳಲ್ಲಿ ಉಳಿಯಿತು. ಅವರ ಪರವಾಗಿ ಹೋರಾಡಿದ ಸಾಹಿತಿ ಕೆನ್ ಸಾರೊ-ವಿವಾ ಅವರನ್ನೂ ಎಂಟು ಮಂದಿ ಸಂಗಡಿಗರನ್ನೂ ಅಲ್ಲಿನ ಸೈನಿಕ ಸರ್ಕಾರ 1995ರ ನವೆಂಬರ್ 10ರಂದು ಗಲ್ಲಿಗೇರಿಸಿತು. ಜಗತ್ತೆಲ್ಲ ಅಲ್ಲಿ ಎಣ್ಣೆ ತೆಗೆಯುತ್ತಿದ್ದ ಷೆಲ್ ಕಂಪನಿಯತ್ತ ಬೆರಳು ತೋರಿತು. 1998ರಲ್ಲಿ ಆ ಕಂಪನಿ ಲಾಭದ ಜೊತೆಗೆ ತನ್ನ ನೀತಿಯ ಲೆಕ್ಕವನ್ನೂ ಒಂದು ವರದಿಯಾಗಿ ಹೊರತಂದಿತು. ಎಣ್ಣೆಯ ಕಂಪನಿಗಳು ಶಾಲೆ, ಆಸ್ಪತ್ರೆಗಳ ಚಿತ್ರಗಳನ್ನು ಅಚ್ಚುಹಾಕಿಸುವ ಪದ್ಧತಿ ಬಲಗೊಂಡದ್ದು ಆ ಕಾಲದಲ್ಲಿಯೇ. ನೆಲ ಕೆಟ್ಟಿದ್ದರೆ ಅದರ ಮೇಲೆ ಕಟ್ಟಿದ ಶಾಲೆಯಿಂದ ಲೆಕ್ಕ ತೀರುತ್ತದೆಯೇ ಎಂಬ ಪ್ರಶ್ನೆ ಅಂದಿನಿಂದ ಇಂದಿಗೂ ಬಿಟ್ಟಿಲ್ಲ.

ಈಗ ನಮ್ಮ ಹೊಲದ ಬದುವಿಗೆ ಬರೋಣ. ಮಹಾರಾಷ್ಟ್ರದ ಕಡಲತೀರದ ದಾಭೋಳದಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲ ತರುವ ಗೇಲ್ ಸಂಸ್ಥೆಯ ಕೊಳವೆಮಾರ್ಗ, ಸುಮಾರು ಸಾವಿರ ಕಿಲೋಮೀಟರ್ ಉದ್ದದ್ದು, 2013ರಲ್ಲಿ ಕೆಲಸಕ್ಕೆ ತೊಡಗಿತು. ಬೆಳಗಾವಿ, ಧಾರವಾಡದ ಕಡೆಯಿಂದ ಚಿತ್ರದುರ್ಗ ದಾಟಿ ಅದು ತುಮಕೂರು ಜಿಲ್ಲೆಯ ನೆಲದಡಿಯಲ್ಲಿ ಹಾದುಹೋಗುತ್ತದೆ. ಇಂಥ ಕೊಳವೆಗೆ ಭೂಮಿಯನ್ನು ಕೊಂಡುಕೊಳ್ಳುವುದಿಲ್ಲ. 1962ರ ಒಂದು ಕಾಯಿದೆಯಂತೆ ಭೂಮಿಯ ‘ಬಳಕೆಯ ಹಕ್ಕ’ನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಪಹಣಿಯಲ್ಲಿ ರೈತನ ಹೆಸರೇ ಇರುತ್ತದೆ. ರಾಗಿ, ಕಡಲೆಕಾಯಿ ಬಿತ್ತಲು ಅಡ್ಡಿಯಿಲ್ಲ. ಕೊಳವೆ ಹೂಳುವಾಗ ಆದ ಬೆಳೆನಷ್ಟವನ್ನು ಕೊಡುತ್ತಾರೆ. ಹಕ್ಕಿನ ಬಾಬಿಗೆ, ಅಧಿಸೂಚನೆಯ ದಿನ ಆ ಭೂಮಿಗೆ ಇದ್ದ ಮಾರುಕಟ್ಟೆ ಬೆಲೆಯಲ್ಲಿ ನೂರಕ್ಕೆ 10ರಷ್ಟು.

ಕೇಳಲು ಸೌಮ್ಯವಾಗಿದೆ. ಆದರೆ ಅದೇ ಕಾಯಿದೆ ಆ ಪಟ್ಟಿಯಲ್ಲಿ ಮೂರನ್ನು ನಿಷೇಧಿಸಿದೆ: ಮನೆ ಮುಂತಾದ ಕಟ್ಟಡ ಕಟ್ಟಬಾರದು, ಬಾವಿ ಕಟ್ಟೆ ತೋಡಬಾರದು, ಮರ ನೆಡಬಾರದು. ಅಪಾಯದ ದೃಷ್ಟಿಯಿಂದ ಇದು ಬೇಕಾದ ಕಟ್ಟಳೆಯೇ. ಆಂಧ್ರದ ಅಂದಿನ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಎಂಬಲ್ಲಿ 2014ರ ಜೂನ್ 27ರಂದು ಅನಿಲದ ಕೊಳವೆ ಸ್ಫೋಟಿಸಿ ಅನೇಕರು ಬೆಂದುಹೋದುದನ್ನು ಮರೆಯಲಾಗದು. ಆದರೆ ನಮ್ಮ ಸೀಮೆಯಲ್ಲಿ ಹೊಲಕ್ಕೆ ಬೆಲೆ ಬರುವುದೇ ಬಾವಿಯಿಂದ, ತೆಂಗು ಅಡಕೆಗಳಿಂದ. ಎರಡೆಕರೆಯ ನಡುವೆ ಕೊಳವೆ ಹಾದರೆ ತೋಟ ಕಟ್ಟುವ ಆಸೆ ಮೊಟಕಾಯಿತೆಂದೇ ಅರ್ಥ. ಹತ್ತನೆಯ ಒಂದು ಪಾಲಿನ ಬೆಲೆ ಅದಕ್ಕೆ ಸಮವೆಂದು ನನಗಂತೂ ತೋರುವುದಿಲ್ಲ.

ಇದಕ್ಕೆ ಹೋಲಿಸಿ ನೋಡಬೇಕಾದುದು ಪಾವಗಡದ ಬಿಸಿಲು. ಎಣ್ಣೆಯ ದೊಡ್ಡ ಕಂಪನಿಗಳೇ ಈಗ ಬಿಸಿಲಿನ ವ್ಯಾಪಾರಕ್ಕೆ ಇಳಿದಿವೆ. ಫ್ರಾನ್ಸಿನ ಟೋಟಲ್ ಕಂಪನಿ 2020ರಲ್ಲಿ ಭಾರತದ ಅದಾನಿ ಸಂಸ್ಥೆಯ ಎರಡು ಸಾವಿರ ಮೆಗಾವಾಟಿಗೂ ಮೀರಿದ ಸೌರಸ್ಥಾವರಗಳಲ್ಲಿ ಅರ್ಧ ಪಾಲು ಪಡೆಯಿತು. ಆದುದರಿಂದ ಪಾವಗಡದ ಅನುಭವ ಇಡೀ ಇಂಧನ ಕೈಗಾರಿಕೆಗೆ ಸಂಬಂಧಿಸಿದ್ದು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳಲ್ಲಿ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ಹರಡಿವೆ. 2018ರ ಮಾರ್ಚ್ 1ರಂದು ಮೊದಲ ಹಂತ ಉದ್ಘಾಟನೆಯಾಯಿತು. 2019ರ ಕೊನೆಗೆ ಸಾಮರ್ಥ್ಯ 2,050 ಮೆಗಾವಾಟ್ ಮುಟ್ಟಿತು. ಇಲ್ಲಿ ಭೂಮಿಯನ್ನು ಕೊಳ್ಳಲಿಲ್ಲ, ಬಳಕೆಯ ಹಕ್ಕನ್ನೂ ಕಸಿಯಲಿಲ್ಲ. 28 ವರ್ಷಗಳ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರ ಏರಿಕೆ. ಮೇಲಿಂದ ಮೇಲೆ ಬರಗಾಲ ಕಂಡ, ಕಡಲೆಕಾಯಿ ಒಣಗಿ ಜನ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಆದರೂ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ ನೋಡಿ. ಹತ್ತೆಕರೆಯವನಿಗೆ ಮೊದಲ ವರ್ಷಗಳಲ್ಲಿ ತಿಂಗಳಿಗೆ 17,500 ರೂಪಾಯಿ ಬಂದರೆ, ಎರಡೆಕರೆಯವನಿಗೆ 3,500. ಗುತ್ತಿಗೆಯ ಕಡೆಯ ಎರಡು ವರ್ಷಗಳಲ್ಲಿ ಎಕರೆಗೆ ಸುಮಾರು 39,600 ಆದೀತು. ಎಂದರೆ, 28 ವರ್ಷ ಕಳೆದರೂ ಎರಡರಷ್ಟಾಗದು. ಅಷ್ಟರಲ್ಲಿ ಅಕ್ಕಿ ಬೇಳೆಯ ಬೆಲೆ ಎಲ್ಲಿಗೆ ಹೋಗಿರುತ್ತದೆಂಬುದನ್ನು ಮನೆ ನಡೆಸುವವರಿಗೆ ನಾನು ಹೇಳಬೇಕಾಗಿಲ್ಲ. ಇನ್ನು ಎಕರೆಯೇ ಇಲ್ಲದ ಕೂಲಿಯವನ ಪಾಡು? ಹೊಲವಿದ್ದಾಗ ಕಳೆ ಕೀಳುವ, ಕಡಲೆಕಾಯಿ ಬಿಡಿಸುವ ಕೆಲಸವಾದರೂ ಇತ್ತು. ಈಗ ಫಲಕ ತೊಳೆಯುವುದು, ಹುಲ್ಲು ಸವರುವುದು, ಕಾವಲು ಇವೇ ಕೆಲಸ, ಅದೂ ಕೆಲವರಿಗೆ. ಬೇಲಿ ಬಿದ್ದ ಮೇಲೆ ಕುರಿಗಾಹಿಗೆ ಹುಲ್ಲುಗಾವಲು ದೂರವಾಯಿತು. ಗುತ್ತಿಗೆಯ ಕಾಗದದಲ್ಲಿ ಇವರ ಹೆಸರಿಲ್ಲ.

ಶೇಕಡಾ 2ರ ಹಣಕ್ಕೆ ನಿಜವಾದ ಕೆಲಸ ಇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡು ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಇನ್ನೂ ಹೆಚ್ಚಿದ್ದರೆ ಕಾಲಾಂತರದಲ್ಲಿ ಮೂಳೆಯೇ ಸೆಟೆಯುತ್ತದೆ. ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಶುದ್ಧಿಮಾಡುವ ಯಂತ್ರವನ್ನು ಕಾಣಿಕೆ ಕೊಡುವುದು ಸುಲಭ. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರೂ ಬರುತ್ತದೆ. ಪೊರೆ ಕೆಲವು ವರ್ಷಗಳಿಗೆ ಸವೆಯುತ್ತದೆ, ಪಂಪು ಕೆಡುತ್ತದೆ, ಹೊರಬಿದ್ದ ಉಪ್ಪುನೀರಿಗೆ ದಾರಿ ಬೇಕು. ಆಗ ಬೇಕಾಗುವ ಹಣಕ್ಕೆ ಕಲ್ಲು ನೆಡಿಸುವವರು ಯಾರೂ ಇಲ್ಲ. ಗ್ರಾಮಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಐದನೆಯ ವರ್ಷದ ರಿಪೇರಿ ಯಾರದು?

ಇನ್ನೊಂದು ಪ್ರಶ್ನೆ ಇನ್ನೂ ದೂರದ್ದು. ಸೌರಫಲಕದ ಆಯುಸ್ಸು ಸುಮಾರು 25 ವರ್ಷ. 2040ರ ದಶಕದಲ್ಲಿ ಗುತ್ತಿಗೆ ಮುಗಿದಾಗ 13,000 ಎಕರೆಯ ಗಾಜು, ಅಲ್ಯೂಮಿನಿಯಂ, ಸೀಸದ ಬೆಸುಗೆ ಏನಾಗಬೇಕು? 2022ರಲ್ಲಿ ಹೊರಟ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳು ಫಲಕ ತಯಾರಕರಿಗೆ ಹೊಣೆ ಹೊರಿಸಿವೆ. ಸದ್ಯಕ್ಕೆ 2034-35ರವರೆಗೆ ಅಂಥ ತ್ಯಾಜ್ಯವನ್ನು ಕೂಡಿಡಬೇಕೆಂದು ಹೇಳಿವೆ. ತಿರುಮಣಿಯ ಹೊಲಗಳು ಮತ್ತೆ ನೇಗಿಲಿಗೆ ಸಿಕ್ಕುವ ದಿನ ಅದಕ್ಕೂ ಎಷ್ಟೋ ವರ್ಷ ಆಚೆಗಿದೆ. ಆ ದಿನಕ್ಕೆ ಗುತ್ತಿಗೆಯ ಕಾಗದಕ್ಕೆ ಸಹಿ ಹಾಕಿದವರ ಮಕ್ಕಳು ಹೊಲದ ಮೇಲೆ ನಿಂತಿರುತ್ತಾರೆ.