ಏಣಿ ಕಟ್ಟಿದ ಮೇಷ್ಟ್ರುಗಳು

ಅಜ್ಜಿಯ ಊರಿನ ಜಾತ್ರೆಗೆ ಹೋದ ಒಂದನೇ ಕ್ಲಾಸಿನ ಹುಡುಗಿ ವಾರ ಬಿಟ್ಟು ಶಾಲೆಗೆ ಬಂದರೆ ಅವಳ ಪಾಠ ಎಲ್ಲಿಂದ ಶುರುವಾಗಬೇಕು? ಒಂದೇ ಕೋಣೆಯಲ್ಲಿ ಮೂರು ನಾಲ್ಕು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಶಿಕ್ಷಕರಿಗೆ ಇದು ದಿನಬೆಳಗಾದರೆ ಎದುರಾಗುವ ಪ್ರಶ್ನೆ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಇದಕ್ಕೊಂದು ಉತ್ತರ ಮೂಡಿತು. ಅದೇ ನಲಿ-ಕಲಿ. ಯುನಿಸೆಫ್ ಬೆಂಬಲ ಕೊಟ್ಟಿತ್ತು. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ರಮಾ ಮತ್ತು ಪದ್ಮನಾಭ ರಾವ್ ದಂಪತಿ ಹಳ್ಳಿ ಶಾಲೆಗಳಿಗೆಂದು ರೂಪಿಸಿದ್ದ ಪದ್ಧತಿಯನ್ನು ಕಣ್ಣಾರೆ ಕಂಡರು. ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಬಿಡಿಸಿ ಮೆಟ್ಟಿಲಂತೆ ಜೋಡಿಸಿದ ಕಲಿಕಾ ಏಣಿ ಅದು. ಓದಲು ಬಾರದ ಮಗುವೂ ಚಿತ್ರದ ಗುರುತು ಹಿಡಿದು ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಜಾತ್ರೆಯಿಂದ ಬಂದ ಹುಡುಗಿ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತಾಳೆ.

ನನಗೆ ಮುಖ್ಯವೆನಿಸುವುದು ಆಮೇಲಿನ ಕೆಲಸ. ಹೆಗ್ಗಡದೇವನಕೋಟೆಯ ಶಿಕ್ಷಕರು ಕಂಡದ್ದನ್ನು ಹಾಗೆಯೇ ಎತ್ತಿ ತರಲಿಲ್ಲ. ಒಟ್ಟಿಗೆ ಕೂತು ಕನ್ನಡಕ್ಕೆ ಬೇಕಾದ ಏಣಿ ಕಟ್ಟಿದರು, ಹಾಡು ಕತೆ ಕೂಡಿಸಿದರು, ಕಾರ್ಡು ಬರೆದರು. ಬರೆದದ್ದನ್ನು ತಮ್ಮ ಮಕ್ಕಳ ಮುಂದಿಟ್ಟು ನೋಡಿ ತಿದ್ದಿದರು. ಯಾವ ಅಕ್ಷರ ಮೊದಲು ಬರಬೇಕು, ಮಗು ಎಲ್ಲಿ ತಡವರಿಸುತ್ತದೆ ಎಂಬ ಮಾತು ನಡೆಯುತ್ತಾ ಮೇಜು ಕುರ್ಚಿ ಬಿಟ್ಟು ಮಕ್ಕಳ ಜತೆ ನೆಲದ ಮೇಲೆ ಕೂರುವ ಮೇಷ್ಟ್ರು ತಯಾರಾದರು. ಮಗುವಿನ ಕೈಗೆಟಕುವ ಕಪ್ಪುಹಲಗೆ ಗೋಡೆಗೆ ಬಂತು, ಮಕ್ಕಳ ಚಿತ್ರಗಳು ತಲೆಯ ಮೇಲಿನ ಚಪ್ಪರದಲ್ಲಿ ತೂಗಿದವು. ತರಬೇತಿ ಎಂದರೆ ಕೇಳಿಸಿಕೊಂಡು ಸಹಿ ಹಾಕಿ ಬರುವುದು ಎಂದಿದ್ದ ಕಾಲದಲ್ಲಿ, ಸ್ವಂತ ಪಾಠವನ್ನು ಬಿಚ್ಚಿ ನೋಡುವ ಧೈರ್ಯ ಅದು.

2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ಬಂತು, ನಂತರ 3ಕ್ಕೂ. ಆ ಹೊತ್ತಿಗೆ ಕಾರ್ಡುಗಳು ಸಿದ್ಧವಾಗಿಯೇ ಬರುತ್ತಿದ್ದವು. ಅವನ್ನು ಬರೆಯುವಾಗ ನಡೆದಿದ್ದ ಮಾತುಕತೆ ಪೆಟ್ಟಿಗೆಯೊಳಗೆ ಬರುವಂಥದ್ದಲ್ಲ. ಸುತ್ತೋಲೆಯ ಮೂಲಕ ಏಣಿ ಪಡೆದ ಶಿಕ್ಷಕಿಗೆ, ಅದರ ಮೆಟ್ಟಿಲು ತನ್ನ ಮಗುವಿಗೆ ಎತ್ತರವಾಯಿತು ಎನ್ನಿಸಿದರೆ ಹೇಳಿಕೊಳ್ಳಲು ಜಾಗ ಬೇಕು.

ಆ ಜಾಗ ಈಗಲೂ ಇದೆ. ಅದು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ. ಅಲ್ಲಿ ಅಂಕಿಅಂಶ, ಆದೇಶಗಳ ನಡುವೆ ಒಂದು ಗಂಟೆಯನ್ನು ಶಿಕ್ಷಣ ಇಲಾಖೆ ಶಿಕ್ಷಕರಿಗೇ ಬಿಟ್ಟುಕೊಡಲಿ. ಆ ವಾರ ಕೈಕೊಟ್ಟ ಒಂದು ಪಾಠವನ್ನು ಅವರು ಅಲ್ಲಿ ಮುಚ್ಚುಮರೆಯಿಲ್ಲದೆ ಹಂಚಿಕೊಳ್ಳಲಿ.