ಮಿನಿ ಟ್ರ್ಯಾಕ್ಟರ್‌ಗೆ ಎಷ್ಟು ಅಡಿಯ ಬ್ಲೇಡ್?

ತೋಟದ ಸಾಲುಗಳ ನಡುವೆ ಓಡಾಡಲೆಂದು ಮಿನಿ ಟ್ರ್ಯಾಕ್ಟರ್ ಕೊಂಡವರು, ಮಣ್ಣು ಮಟ್ಟ ಮಾಡುವ ಬ್ಲೇಡ್ ಕೊಳ್ಳುವಾಗ ಅಗಲವಾದದ್ದನ್ನೇ ಕೇಳುವುದು ಹೆಚ್ಚು. ಅಗಲ ಹೆಚ್ಚಿದಷ್ಟೂ ಕೆಲಸ ಬೇಗ ಎಂಬ ಲೆಕ್ಕ ಅವರದು. ಹೊಲದಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಮೊದಲು ಟೇಪು ಹಿಡಿದು ಹಿಂದಿನ ಟೈರ್‌ಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಬೇಕು. ಬ್ಲೇಡ್ ಅದಕ್ಕಿಂತ ನಾಲ್ಕಾರು ಇಂಚಾದರೂ ಅಗಲವಿರಬೇಕು. ಇಲ್ಲದಿದ್ದರೆ ಮಟ್ಟ ಮಾಡಿದ ನೆಲದಲ್ಲಿ ಚಕ್ರದ ಗುರುತು ಉಳಿಯುತ್ತದೆ. ಬ್ಲೇಡನ್ನು ಓರೆಯಾಗಿಸಿದರೆ ಅದು ಸವರುವ ಅಗಲ ಕುಗ್ಗುತ್ತದೆ ಎಂಬುದನ್ನು ಹಲವರು ಗಮನಿಸುವುದೇ ಇಲ್ಲ. 5 ಅಡಿಯ ಬ್ಲೇಡನ್ನು 30 ಡಿಗ್ರಿ ತಿರುಗಿಸಿದರೆ ಸಿಗುವುದು ಸುಮಾರು 4 ಅಡಿ 4 ಇಂಚು ಮಾತ್ರ.

ಇನ್ನು ಎಳೆಯುವ ಶಕ್ತಿ. ಮಹೀಂದ್ರಾ ಜೀವೋ 245, ಕುಬೋಟಾ ನಿಯೋಸ್ಟಾರ್ ಬಿ2441 ಎರಡೂ 24 ಎಚ್‌ಪಿ ಗಾಡಿಗಳು, ತೂಕದಲ್ಲಿ ಹಗುರ. ಅಗಲದ ಬ್ಲೇಡ್ ತುಂಬ ಹಸಿ ಎರೆಮಣ್ಣು ಸೇರಿದರೆ ಎಂಜಿನ್ ಸೋಲುವ ಮೊದಲೇ ಟೈರ್ ಜಾರತೊಡಗುತ್ತದೆ. ಇಂಥವಕ್ಕೆ 4ರಿಂದ 5 ಅಡಿ ಧಾರಾಳವಾಯಿತು. ದೊಡ್ಡ ಗದ್ದೆಯನ್ನು ಲೇಸರ್ ಲೆವೆಲರ್‌ನಿಂದ ಸಮ ಮಾಡಿಸಬೇಕಿದ್ದರೆ ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಸುವುದೇ ಲೇಸು.

ಹಣ ಕೊಡುವ ಮುನ್ನ ಅಂಗಡಿಯಲ್ಲೇ ಬ್ಲೇಡ್ ಜೋಡಿಸಿ, ಹೈಡ್ರಾಲಿಕ್‌ನಿಂದ ಎತ್ತಿಸಿ ನೋಡಿ. ಮುಂದಿನ ಚಕ್ರ ನೆಲ ಬಿಡುವಂತಿದ್ದರೆ ಒಂದು ಅಳತೆ ಚಿಕ್ಕದನ್ನು ಕೇಳಿ.