ಟರ್ಬೊ ಇಲ್ಲದೆ ಮೂವತ್ತೆಂಟು ಕುದುರೆ

ಜಪಾನಿನ ಹೋಂಡಾ ಕಂಪನಿ 1999ರಲ್ಲಿ ಎಸ್2000 ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಮಾರುಕಟ್ಟೆಗೆ ಬಿಟ್ಟಾಗ, ಬಲ್ಲವರು ಮೊದಲು ನೋಡಿದ್ದು ಅದರ ಬಾನೆಟ್ ಒಳಗೆ. ಎಂಜಿನ್ ಗಾತ್ರ 1,997 ಸಿಸಿ, ಶಕ್ತಿ 250 ಅಶ್ವಶಕ್ತಿ. ಅಂದರೆ ಲೀಟರಿಗೆ 125. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಅದರಲ್ಲಿರಲಿಲ್ಲ.

ಅತ್ತಿಬೆಲೆಯ ಗಡಿ ದಾಟಿದರೆ ಸಿಗುವ ಹೊಸೂರಿನಲ್ಲಿ ಇಂದು ತಯಾರಾಗುವ ಒಂದು ಎಂಜಿನ್ ಇದೇ ಅಂಕಿಯ ಹತ್ತಿರ ಬಂದು ನಿಂತಿದೆ. ಟಿವಿಎಸ್ ಮೋಟರ್ ಕಂಪನಿಯ ಅಪಾಚೆ ಆರ್‌ಆರ್ 310 ಬೈಕಿನದು 312.2 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್. 2024ರ ಆವೃತ್ತಿಯಲ್ಲಿ ಅದು 9,800 ಆರ್‌ಪಿಎಂನಲ್ಲಿ 38 ಅಶ್ವಶಕ್ತಿ ಕೊಡುತ್ತದೆ. ಲೀಟರ್ ಲೆಕ್ಕಕ್ಕೆ ತಂದರೆ ಸುಮಾರು 122. ಸಿಲಿಂಡರ್ ಚಿಕ್ಕದಿದ್ದಷ್ಟೂ ಎಂಜಿನ್ನನ್ನು ವೇಗವಾಗಿ ತಿರುಗಿಸುವುದು ಸುಲಭ, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಕೋಟ್ಯಂತರ ರೂಪಾಯಿಯ ಕಾರಿನ ಎಂಜಿನ್ ಕಟ್ಟುವವರು ಬಿಡಿಸುವ ಲೆಕ್ಕವನ್ನೇ ಹೊಸೂರಿನ ಎಂಜಿನಿಯರುಗಳೂ ಬಿಡಿಸಬೇಕಾಯಿತು. ಅದನ್ನು ಅರಿತರೆ ಯಾವ ಸ್ಪೋರ್ಟ್ಸ್ ಕಾರಿನ ಎಂಜಿನ್ ಆದರೂ ಅರ್ಥವಾಗುತ್ತದೆ.

ಪೆಟ್ರೋಲ್ ಉರಿಯಲು ಗಾಳಿ ಬೇಕು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ. ಪೆಟ್ರೋಲನ್ನು ಎಷ್ಟು ಬೇಕಾದರೂ ಚಿಮ್ಮಿಸಬಹುದು. ಕಷ್ಟವಿರುವುದು ಗಾಳಿಯನ್ನು ಒಳಗೆ ತರುವುದರಲ್ಲಿ. ಟರ್ಬೊ ಇದ್ದರೆ ಅದು ಗಾಳಿಯನ್ನು ಬಲವಂತವಾಗಿ ತುರುಕುತ್ತದೆ. ನ್ಯಾಚುರಲಿ ಆಸ್ಪಿರೇಟೆಡ್ ಎಂಜಿನ್ನಿಗೆ ಆ ನೆರವಿಲ್ಲ. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ಒತ್ತಡ ಕಡಿಮೆಯಾಗುತ್ತದೆ, ಹೊರಗಿನ ವಾತಾವರಣದ ಒತ್ತಡವೇ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ.

ಹೀಗಾಗಿ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಕಡಿಮೆ. ಇಲ್ಲಿನ ತಂಪು ಹವೆ ಆ ನಷ್ಟದಲ್ಲಿ ಸ್ವಲ್ಪವನ್ನು ತುಂಬಿಕೊಟ್ಟರೂ, ಅದೇ ಎಂಜಿನ್ ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನಲ್ಲಿ ಹೊಸೂರಿಗಿಂತ ಚುರುಕಾಗಿ ಓಡುತ್ತದೆ. ಎಂಜಿನ್ನಿನ ಶಕ್ತಿ ಅಳೆಯುವಾಗ ಆ ಹೊತ್ತಿನ ಒತ್ತಡ ಮತ್ತು ಉಷ್ಣಾಂಶವನ್ನು ಗುರುತಿಟ್ಟುಕೊಂಡು, ಬಂದ ಅಂಕಿಯನ್ನು ಒಂದು ಗೊತ್ತಾದ ಮಟ್ಟಕ್ಕೆ ಸರಿಹೊಂದಿಸುವುದು ಇದಕ್ಕಾಗಿಯೇ.

ಶಕ್ತಿ ಎಂದರೆ ಟಾರ್ಕ್ ಮತ್ತು ಆರ್‌ಪಿಎಂ ಎರಡರ ಗುಣಲಬ್ಧ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನಲ್ಲಿ ಲೀಟರಿಗೆ 100ರಿಂದ 120 ನ್ಯೂಟನ್ ಮೀಟರ್ ಟಾರ್ಕ್ ಬಂದರೆ ಅದೇ ದೊಡ್ಡದು. ಹೋಂಡಾ ಎಸ್2000ರದು ಸುಮಾರು 109, ಹೊಸೂರಿನ ಎಂಜಿನ್ನಿನದು 93ರ ಆಸುಪಾಸು. ಟಾರ್ಕ್ ಅಲ್ಲಿಗೆ ನಿಂತುಬಿಡುವುದರಿಂದ ಉಳಿದ ಶಕ್ತಿಯನ್ನೆಲ್ಲ ವೇಗವಾಗಿ ತಿರುಗಿಯೇ ಗಳಿಸಬೇಕು. ಎಸ್2000ರ ಎಂಜಿನ್ 9,000 ಆರ್‌ಪಿಎಂವರೆಗೆ ಏರುತ್ತಿತ್ತು. ಬ್ರಿಟನ್ನಿನ ಗಾರ್ಡನ್ ಮರ‍್ರೇ ಅವರ ಟಿ.50 ಕಾರಿಗೆ ಕಾಸ್ವರ್ತ್ ಕಂಪನಿ ಕಟ್ಟಿಕೊಟ್ಟ ವಿ12 ಎಂಜಿನ್ 12,100ಕ್ಕೆ ಏರುತ್ತದೆ. ಟರ್ಬೊ ಮತ್ತೆ ಬರುವ ಮುನ್ನ, 2013ರವರೆಗೆ ಓಡಿದ ಫಾರ್ಮುಲಾ ಒನ್ ಕಾರುಗಳ 2.4 ಲೀಟರ್ ವಿ8 ಎಂಜಿನ್ನುಗಳಿಗೆ ನಿಯಮವೇ 18,000 ಆರ್‌ಪಿಎಂ ಮಿತಿ ಹಾಕಿತ್ತು.

ಇಷ್ಟು ವೇಗದಲ್ಲಿ ತಿರುಗುವಾಗ ಮೊದಲ ತೊಂದರೆ ಸಮಯದ್ದು. 9,800 ಆರ್‌ಪಿಎಂನಲ್ಲಿ ಪಿಸ್ಟನ್ ಒಮ್ಮೆ ಕೆಳಗಿಳಿಯಲು ಹಿಡಿಯುವುದು ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು ಮಾತ್ರ. ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಎಂಜಿನ್ ಎಂಟು ಸಲ ಉಸಿರೆಳೆದು ಮುಗಿಸಿರುತ್ತದೆ. ಅಷ್ಟರೊಳಗೆ ಸಿಲಿಂಡರ್ ತುಂಬಬೇಕಾದರೆ ಗಾಳಿಯ ದಾರಿ ನೇರವಾಗಿರಬೇಕು, ವಾಲ್ವುಗಳು ದೊಡ್ಡದಾಗಿರಬೇಕು. ಹೊಸೂರಿನ ಎಂಜಿನ್ನಿನಲ್ಲಿ ಬೋರ್, ಅಂದರೆ ಸಿಲಿಂಡರಿನ ಅಗಲ, 80 ಮಿಲಿಮೀಟರ್, ಸ್ಟ್ರೋಕ್, ಅಂದರೆ ಪಿಸ್ಟನ್ನಿನ ಓಟ, 62.1 ಮಿಲಿಮೀಟರ್ ಎಂದು ಇಟ್ಟಿರುವುದರ ಗುಟ್ಟು ಇಲ್ಲಿದೆ. ಸಿಲಿಂಡರ್ ಅಗಲವಾದರೆ ಮೇಲೆ ನಾಲ್ಕು ವಾಲ್ವುಗಳಿಗೆ ಜಾಗ ಸಿಗುತ್ತದೆ, ಸ್ಟ್ರೋಕ್ ಗಿಡ್ಡವಾದರೆ ಪಿಸ್ಟನ್ ಓಡಬೇಕಾದ ದೂರ ತಗ್ಗುತ್ತದೆ.

ಗಾಳಿಯ ದಾರಿಗಾಗಿ ಈ ಎಂಜಿನ್ನಿನಲ್ಲಿ ಇನ್ನೂ ಒಂದು ಬದಲಾವಣೆ ಮಾಡಿದ್ದಾರೆ. ಸಾಮಾನ್ಯ ಬೈಕಿನಲ್ಲಿ ಸಿಲಿಂಡರ್ ಮುಂದಕ್ಕೆ ಬಾಗಿರುತ್ತದೆ. ಹೊಗೆ ಮುಂದಿನಿಂದ ಹೊರಟು ಹಿಂದಕ್ಕೆ ಬಳಸಿ ಹೋಗುತ್ತದೆ. ಇಲ್ಲಿ ಸಿಲಿಂಡರನ್ನು ಹಿಂದಕ್ಕೆ ವಾಲಿಸಿ, ಅದರ ಮೇಲಿನ ಹೆಡ್ಡನ್ನು ತಿರುಗಿಸಿ ಕೂರಿಸಿದ್ದಾರೆ. ಗಾಳಿ ಮುಂಭಾಗದಿಂದ ನೇರವಾಗಿ ಒಳಬರುತ್ತದೆ, ಹೊಗೆ ಹಿಂಭಾಗದಿಂದ ಹೊರಹೋಗುತ್ತದೆ. 2013ರ ಏಪ್ರಿಲ್‌ನಲ್ಲಿ ಟಿವಿಎಸ್ ಮತ್ತು ಜರ್ಮನಿಯ ಬಿಎಂಡಬ್ಲ್ಯು ಮೋಟರಾಡ್ ಮಾಡಿಕೊಂಡ ಒಪ್ಪಂದದ ಫಲ ಇದು. ಬಿಎಂಡಬ್ಲ್ಯು ಜಿ 310 ಆರ್ ಬೈಕು ಹೊಸೂರಿನಲ್ಲೇ ತಯಾರಾಗಿ ಹೊರದೇಶಗಳಿಗೆ ಹೋಯಿತು; ಅಪಾಚೆ ಆರ್‌ಆರ್ 310 ಮಾರುಕಟ್ಟೆಗೆ ಬಂದದ್ದು 2017ರ ಡಿಸೆಂಬರಿನಲ್ಲಿ.

ಆಗ ಇದ್ದದ್ದು 34 ಅಶ್ವಶಕ್ತಿ. ಸಿಸಿ ಹೆಚ್ಚಿಸದೆ ಅದು 38 ಆದದ್ದು ಹೇಗೆ?

ಮೊದಲನೆಯದು, ಗಾಳಿ ಹಿಡಿದಿಡುವ ಏರ್‌ಬಾಕ್ಸ್ ಮತ್ತು ಅದನ್ನು ಒಳಬಿಡುವ ಥ್ರಾಟಲ್ ಬಾಡಿ ಎರಡನ್ನೂ ದೊಡ್ಡದು ಮಾಡಿದರು. ಎರಡನೆಯದು ಕಂಪ್ರೆಷನ್. ಒಳಬಂದ ಮಿಶ್ರಣವನ್ನು ಈಗ 12:1ರ ಆಸುಪಾಸಿನ ಅನುಪಾತದಲ್ಲಿ ಒತ್ತಲಾಗುತ್ತದೆ. ಹೆಚ್ಚು ಒತ್ತಿ ಉರಿಸಿದರೆ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಸಿಗುತ್ತದೆ. ಆದರೆ ಮಿತಿ ಮೀರಿದರೆ ಕಿಡಿಯ ಬೆಂಕಿ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಂಡು ಟಕಟಕ ಎಂದು ಬಡಿಯುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ಬಿಟ್ಟರೆ ಪಿಸ್ಟನ್ ತೂತಾಗುತ್ತದೆ. ಆದ್ದರಿಂದ ಹೆಡ್ಡಿನ ಒಳಗೋಡೆಯ ಆಕಾರ, ಕೂಲೆಂಟ್ ಹರಿಯುವ ದಾರಿ, ಕಿಡಿ ಹೊಡೆಯುವ ಕ್ಷಣ ಎಲ್ಲವನ್ನೂ ಒಟ್ಟಿಗೇ ನೋಡಬೇಕಾಗುತ್ತದೆ.

ಮೂರನೆಯದು ಪಿಸ್ಟನ್. ಹಳೆಯದಕ್ಕಿಂತ ಹಗುರವಾದ ಫೋರ್ಜ್ಡ್ ಪಿಸ್ಟನ್, ಅಂದರೆ ಅಚ್ಚಿಗೆ ಎರೆಯುವ ಬದಲು ಒತ್ತಿ ರೂಪಿಸಿದ ಅಲ್ಯುಮಿನಿಯಂ ಪಿಸ್ಟನ್, ಇದರಲ್ಲಿದೆ. ಕೆಲವೇ ಗ್ರಾಂ ಇಳಿಸಲು ಇಷ್ಟು ಪಾಡೇಕೆ ಎಂಬುದಕ್ಕೆ ಲೆಕ್ಕ ಉತ್ತರ ಹೇಳುತ್ತದೆ. ಪಿಸ್ಟನ್ ಮೇಲಿನ ತುದಿ ಮುಟ್ಟಿ, ನಿಂತು, ಕೆಳಕ್ಕೆ ತಿರುಗುವ ಕ್ಷಣದಲ್ಲಿ ಅದರ ಮೇಲಿನ ಎಳೆತ ಭೂಮಿಯ ಗುರುತ್ವದ ಸುಮಾರು 4,000 ಪಟ್ಟು. ಪಿಸ್ಟನ್ನಿನ ಒಂದೊಂದು ಗ್ರಾಂ ಸಹ ಆ ಕ್ಷಣ ಕನೆಕ್ಟಿಂಗ್ ರಾಡನ್ನು ನಾಲ್ಕು ಕಿಲೋ ಭಾರದಷ್ಟು ಜಗ್ಗುತ್ತದೆ. ಹತ್ತು ಗ್ರಾಂ ಉಳಿಸಿದರೆ ನಲವತ್ತು ಕಿಲೋ ಜಗ್ಗಾಟ ತಪ್ಪಿತು. ಅದೂ ನಿಮಿಷಕ್ಕೆ 9,800 ಸಲ.

ವಾಲ್ವುಗಳ ಪಾಡೂ ಕಡಿಮೆಯದಲ್ಲ. ಸೆಕೆಂಡಿಗೆ 80 ಸಲಕ್ಕೂ ಹೆಚ್ಚು ತೆರೆದು ಮುಚ್ಚಬೇಕು. ಸ್ಪ್ರಿಂಗ್ ಸೋತರೆ ವಾಲ್ವ್ ತನ್ನನ್ನು ತಳ್ಳಿ ತೆರೆಯುವ ಕ್ಯಾಮ್‌ನ ಹಿಡಿತ ತಪ್ಪಿ ತೇಲುತ್ತದೆ, ಮೇಲೇರುವ ಪಿಸ್ಟನ್ನಿಗೆ ಬಡಿದರೆ ಎಂಜಿನ್ ಅಲ್ಲಿಗೆ ಮುಗಿಯಿತು. ಕ್ಯಾಮ್‌ನ ಆಕಾರ ಇನ್ನೂ ನಾಜೂಕಿನ ವಿಷಯ. ವಾಲ್ವನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಬರುತ್ತದೆ, ಆದರೆ ಬೆಂಗಳೂರಿನ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಅದೇ ಎಂಜಿನ್ ಮುಗ್ಗರಿಸುತ್ತದೆ. ಹೋಂಡಾ ತನ್ನ ವಿಟೆಕ್ ತಂತ್ರದಲ್ಲಿ ಎರಡು ಬಗೆಯ ಕ್ಯಾಮ್ ಇಟ್ಟು, ವೇಗ ಏರಿದಾಗ ಒಂದರಿಂದ ಇನ್ನೊಂದಕ್ಕೆ ದಾಟುವ ಏರ್ಪಾಡು ಮಾಡಿತು. ಟಿವಿಎಸ್ 2020ರಿಂದ ಥ್ರಾಟಲನ್ನು ಕೇಬಲ್ ಬದಲು ಎಲೆಕ್ಟ್ರಾನಿಕ್ ನಿಯಂತ್ರಣಕ್ಕೆ ಒಪ್ಪಿಸಿ, ಮಳೆ, ಊರು, ಟ್ರ್ಯಾಕ್ ಎಂದು ಬೇರೆಬೇರೆ ವಿಧಾನಗಳಲ್ಲಿ ಎಂಜಿನ್ ನಡೆದುಕೊಳ್ಳುವಂತೆ ಮಾಡಿತು.

ಈ ವಿದ್ಯೆ ಹೊಸೂರಿಗೆ ಒಂದೇ ಸಲಕ್ಕೆ ಬಂದದ್ದಲ್ಲ. 1980ರಲ್ಲಿ ಇಲ್ಲಿಂದ ಹೊರಬಿದ್ದದ್ದು ಟಿವಿಎಸ್ 50 ಎಂಬ ಮೊಪೆಡ್. ಎರಡೇ ವರ್ಷಕ್ಕೆ, 1982ರಲ್ಲಿ, ಕಂಪನಿ ರೇಸಿಂಗ್ ವಿಭಾಗ ತೆರೆಯಿತು. ಮಾರಾಟದ ಬೈಕಿಗೆ ವರ್ಷಗಳಲ್ಲಿ ಬರುವ ಸವೆತವನ್ನು ರೇಸ್ ಕೆಲವು ಲ್ಯಾಪ್‌ಗಳಲ್ಲೇ ತೋರಿಸಿಬಿಡುತ್ತದೆ. ಬಿಚ್ಚಿ ನೋಡಿದ ಪಿಸ್ಟನ್ ಮತ್ತು ಬೇರಿಂಗ್‌ಗಳೇ ಎಂಜಿನಿಯರಿಗೆ ವರದಿ. ಈ ತಂಡದ ಸವಾರರಲ್ಲಿ ಕನ್ನಡಿಗರ ಪಾಲು ದೊಡ್ಡದು. ಉಡುಪಿ ಮೂಲದ ಕೆ.ಪಿ. ಅರವಿಂದ್ 2019ರಲ್ಲಿ ಪೆರುವಿನ ಮರಳುಗಾಡಿನಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು ಶೆರ್ಕೊ ಟಿವಿಎಸ್ ಬೈಕಿನಲ್ಲಿ ಪೂರೈಸಿ 37ನೇ ಸ್ಥಾನ ಪಡೆದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯ ಪಿಸ್ಸೆ ಎಫ್‌ಐಎಂ ಬಾಜಾಸ್ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು.

ಕಾರಿನ ಎಂಜಿನ್ ಮೇಲೆ ಕೈಪಳಗಿಸಬೇಕೆನ್ನುವ ಹುಡುಗ ಹುಡುಗಿಯರಿಗೆ ಇನ್ನೊಂದು ದಾರಿ ಇದೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಿಂದ ಫಾರ್ಮುಲಾ ಸ್ಟೂಡೆಂಟ್ ಎಂಬ ವಿದ್ಯಾರ್ಥಿ ಸ್ಪರ್ಧೆಗಳ ಮಾದರಿಯ ಒಂಟಿ ಸೀಟಿನ ರೇಸ್ ಕಾರುಗಳನ್ನು ಕಟ್ಟುತ್ತಾ ಬಂದಿದೆ. ಈ ಸ್ಪರ್ಧೆಗಳಲ್ಲಿ ಎಂಜಿನ್ 710 ಸಿಸಿ ಮೀರುವಂತಿಲ್ಲ, ಒಳಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರಿನ ಒಂದೇ ತೂತಿನಲ್ಲಿ ಹಾಯಬೇಕು. ಆ ಕಿಂಡಿಯಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಎಷ್ಟು ಎಳೆದರೂ ಹೆಚ್ಚು ಬರುವುದಿಲ್ಲ. ಆಗ ಕಿಂಡಿಯ ಆಚೆಗಿನ ಡಬ್ಬಿಯ ಗಾತ್ರ, ಒಳದಾರಿಯ ಕೊಳವೆಯ ಉದ್ದ, ಸೈಲೆನ್ಸರಿನ ಬಾಗು ಒಂದೊಂದನ್ನೂ ಲೆಕ್ಕ ಹಾಕಿ ಕಟ್ಟುವುದೇ ವಿದ್ಯಾರ್ಥಿಗಳ ಕೆಲಸ.

ಹೊಸೂರು ಇರುವ ಕೃಷ್ಣಗಿರಿ ಜಿಲ್ಲೆ ಈಗ ವಿದ್ಯುತ್ ವಾಹನಗಳ ನೆಲವೂ ಹೌದು. ಏಥರ್ ಕಾರ್ಖಾನೆ ಹೊಸೂರಿನಲ್ಲಿದೆ, ಓಲಾದ್ದು ಪೋಚಂಪಳ್ಳಿಯಲ್ಲಿ. ಟಿವಿಎಸ್ ಕೂಡ 2023ರಲ್ಲಿ ಅಪಾಚೆ ಆರ್‌ಟಿಇ ಎಂಬ ವಿದ್ಯುತ್ ರೇಸ್ ಬೈಕುಗಳ ಸ್ಪರ್ಧೆ ನಡೆಸಿತು. ಅದರ ಮರುವರ್ಷವೇ ಅದೇ ಕಂಪನಿ ಪೆಟ್ರೋಲ್ ಎಂಜಿನ್ನಿನ ಪಿಸ್ಟನ್ನನ್ನು ಮತ್ತೆ ಹಗುರ ಮಾಡಿ, ಏರ್‌ಬಾಕ್ಸ್ ಹಿಗ್ಗಿಸಿ, ನಾಲ್ಕು ಅಶ್ವಶಕ್ತಿ ಹೆಚ್ಚಿಗೆ ತೆಗೆಯಿತು. ಹೊಸೂರಿನಲ್ಲಿ ಸದ್ಯಕ್ಕೆ ಎರಡೂ ಕೆಲಸ ಜೊತೆಯಲ್ಲೇ ನಡೆದಿದೆ.